ಮೂಲಕ್ಕೆ ಮರಳುವ ದಾರಿ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಸಾಹಿತ್ಯ ಮತ್ತು ಚರಿತ್ರೆಯ ಜಾಲಕೋಶ

1. ಪೀಠಿಕೆ

ತುಳುನಾಡಿನ ಸಾಹಿತ್ಯ ಮತ್ತು ಚರಿತ್ರೆಯ ಅಧ್ಯಯನಕ್ಕೆ ಆಕರಗಳು ಹೇರಳವಾಗಿವೆ. ಓಲೆಗರಿ, ಶಾಸನ, ಕಡತ, ಪಾಡ್ದನ, ಐತಿಹ್ಯ, ಆಚರಣೆ, ಮನೆಬಳಕೆಯ ವಸ್ತು ಹೀಗೆ ಅವುಗಳ ಬಗೆಗಳೂ ಹಲವು. ಆದರೆ ಇವೆಲ್ಲವೂ ಒಬ್ಬ ಅಧ್ಯಯನಕಾರನಿಗೆ ಒಂದೆಡೆ ದೊರೆಯುವುದು ಈವರೆಗೆ ಸಾಧ್ಯವಾಗಿಲ್ಲ. ಮೂಡುಬಿದಿರೆಯ ಬಸದಿಯೊಂದನ್ನು ಕುರಿತು ಬರೆಯುವವರು ಶಾಸನದ ಪಡಿಯಚ್ಚಿಗಾಗಿ ಮೈಸೂರಿಗೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಆಡಳಿತ ದಾಖಲೆಗಳಿಗಾಗಿ ಚೆನ್ನೈಗೆ ಹೋಗಬೇಕು. ಬಸದಿಯ ಪಕ್ಕದ ಮನೆಯ ಹಿರಿಯರು ಹೇಳುವ ಐತಿಹ್ಯಕ್ಕಾಗಿ ಮತ್ತೆ ಮೂಡುಬಿದಿರೆಗೇ ಬರಬೇಕು. ಈ ಓಡಾಟಕ್ಕೆ ಬೇಕಾದ ಹಣ, ಸಮಯ ಮತ್ತು ಪರಿಚಯಪತ್ರ ಇರುವವರಿಗೆ ಮಾತ್ರ ಸಂಶೋಧನೆ ಎಂಬ ಸ್ಥಿತಿ ಬಹುಕಾಲ ನಡೆದುಬಂದಿದೆ.

ಅಂತರಜಾಲವು ಈ ಸ್ಥಿತಿಯನ್ನು ಬದಲಿಸಬಲ್ಲುದು ಎಂಬ ಮಾತು ಕಳೆದ ಎರಡು ದಶಕಗಳಿಂದ ಕೇಳಿಬರುತ್ತಿದೆ. ಯಾರಾದರೂ ಎಲ್ಲಿಂದಲಾದರೂ ನೋಡಬಹುದಾದ, ಒಳಗೆ ಹುಡುಕಬಹುದಾದ, ಪ್ರಬಂಧದಲ್ಲಿ ಆಧಾರವಾಗಿ ಉಲ್ಲೇಖಿಸಬಹುದಾದ ವಿದ್ವತ್ ಆಕರವನ್ನು ಪ್ರಸ್ತುತ ಲೇಖನದಲ್ಲಿ ‘ಜಾಲಕೋಶ’ ಎಂದು ಕರೆಯಲಾಗಿದೆ. ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಎಂಬ ನೆರೆಹೊರೆಯ ಮೂರು ಪರಿಸರಗಳನ್ನು ಮುಂದಿಟ್ಟುಕೊಂಡು ಇಂಥ ಕೋಶವು ಹೇಗೆ ಬೆಳೆಯಬೇಕು ಎಂಬುದನ್ನು ವಿವರಿಸುವುದು ಇಲ್ಲಿಯ ಉದ್ದೇಶ. ಮೂರೂ ಸೇರಿ ನೇತ್ರಾವತಿಯ ಮೇಲ್ದಂಡೆಯಿಂದ ಜೈನ ಬಸದಿಗಳ ಬೀದಿಯವರೆಗಿನ ಸಣ್ಣ ಭೂಭಾಗ. ಆದರೆ ಲಿಖಿತ, ಮೌಖಿಕ ಮತ್ತು ವಸ್ತುರೂಪದ ಆಕರಗಳು ಮೂರೂ ಇಲ್ಲಿ ಒಂದಕ್ಕೊಂದು ತಾಗಿಕೊಂಡಿವೆ. ಆದ್ದರಿಂದ ಜಾಲಕೋಶದ ಕಷ್ಟಗಳನ್ನು ಪರೀಕ್ಷಿಸಲು ಇದು ತಕ್ಕ ನೆಲ.

ಲೇಖನದ ಪ್ರತಿಪಾದನೆ ಇಷ್ಟು: ಜಾಲಕೋಶದ ಬೆಲೆಯನ್ನು ಅದರಲ್ಲಿರುವ ಪುಟಗಳ ಸಂಖ್ಯೆಯಿಂದ ಅಳೆಯಲಾಗದು. ಪ್ರತಿಯೊಂದು ಪಠ್ಯದಿಂದ ಅದರ ಮೂಲಕ್ಕೆ, ಎಂದರೆ ಗರಿಗೆ, ಕಂಠಕ್ಕೆ, ಮನೆಗೆ, ಮರಳಿ ಹೋಗುವ ದಾರಿಯನ್ನು ಅದು ಉಳಿಸಿಕೊಟ್ಟಿದೆಯೇ ಎಂಬುದೇ ಅದರ ಅಳತೆಗೋಲು.

2. ಆಕರಗಳು ಚದುರಿದ ಬಗೆ

ದಕ್ಷಿಣ ಕನ್ನಡ ಜಿಲ್ಲೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಆಡಳಿತದಲ್ಲಿತ್ತು. ಆದ ಕಾರಣ ಬ್ರಿಟಿಷರ ಕಾಲದ ಆಡಳಿತ ಕಡತಗಳ ದೊಡ್ಡ ಭಾಗ ಚೆನ್ನೈಯ ದಾಖಲೆಗಾರದಲ್ಲಿದೆ. ಬೆಳ್ತಂಗಡಿ ಸೀಮೆಯ ಹಳೆಯ ವಿವರಗಳನ್ನು ಹುಡುಕುವವರು ‘ಉಪ್ಪಿನಂಗಡಿ ತಾಲ್ಲೂಕು’ ಎಂಬ ಹೆಸರಿನಲ್ಲಿ ಹುಡುಕಬೇಕು ಎಂಬುದು ಅನುಭವದಿಂದಷ್ಟೇ ತಿಳಿಯುವ ಸಂಗತಿ. 1801ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬರೆದ ಊರಹೆಸರುಗಳನ್ನು ಇಂದಿನ ನಕ್ಷೆಯ ಊರುಗಳೊಂದಿಗೆ ಹೊಂದಿಸುವುದಕ್ಕೂ ಅಂಥದೇ ಅನುಭವ ಬೇಕು.

ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿತು. ಹರ್ಮನ್ ಮೋಗ್ಲಿಂಗ್ 1848ರಿಂದ 1853ರ ನಡುವೆ ಕನ್ನಡ ಕಾವ್ಯಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಕಾ’ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ಹೊರತಂದರು. 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು ಮತ್ತು ಪಾಡ್ದನಗಳ ಸಂಗ್ರಹ ಪ್ರಕಟವಾದವು. ಎ. ಸಿ. ಬರ್ನೆಲ್ ಅವರ ತುಳುವ ಭೂತಾರಾಧನೆಯ ಸಾಮಗ್ರಿ 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕಂತುಗಳಾಗಿ ಬಂತು. ಈ ಪ್ರಕಟಣೆಗಳ ಪ್ರತಿಗಳು ಊರಿನ ಗ್ರಂಥಾಲಯಗಳಲ್ಲಿ ಅಪರೂಪ. ಯೂರೋಪಿನ ಗ್ರಂಥಭಂಡಾರಗಳಲ್ಲಿ ಸುರಕ್ಷಿತ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 2018ರಲ್ಲಿ ‘ಗುಂಡರ್ಟ್ ಪೋರ್ಟಲ್’ ಮೂಲಕ ತನ್ನಲ್ಲಿದ್ದ ಮಲೆಯಾಳಂ, ಕನ್ನಡ, ತುಳು ಮುಂತಾದ ಭಾಷೆಗಳ ಹಳೆಯ ಮುದ್ರಣಗಳನ್ನು ಮತ್ತು ಹಸ್ತಪ್ರತಿಗಳನ್ನು ಅಂತರಜಾಲಕ್ಕೆ ತಂದಿತು. ಬಾಸೆಲಿನ ದಾಖಲೆಗಾರವೂ ಮಿಷನ್ ಕಾಲದ ಛಾಯಾಚಿತ್ರಗಳನ್ನು ಜಾಲದಲ್ಲಿ ತೆರೆದಿಟ್ಟಿದೆ. ಹೀಗೆ ಮಂಗಳೂರಿನಲ್ಲಿ ಅಚ್ಚಾದ ಪುಸ್ತಕವನ್ನು ಜರ್ಮನಿಯ ಜಾಲತಾಣದಲ್ಲಿ ಓದುವ ಕಾಲ ಬಂದಿದೆ. ಇದು ದೊಡ್ಡ ಉಪಕಾರ. ಆದರೆ ಅಲ್ಲಿಯ ಸೂಚಿಯನ್ನು ಸಿದ್ಧಪಡಿಸಿದವರಿಗೆ ಪುಸ್ತಕದ ಶೀರ್ಷಿಕೆ ಮುಖ್ಯ. ಅದರೊಳಗೆ ಬರುವ ದೈವದ ಹೆಸರು, ಗುತ್ತಿನ ಹೆಸರು, ಮಾಗಣೆಯ ಹೆಸರು ನಮಗೆ ಮುಖ್ಯ. ಆ ಒಳಸೂಚಿಯನ್ನು ಮಾಡಬೇಕಾದವರು ಇಲ್ಲಿಯವರೇ.

3. ಕನ್ನಡದ ಜಾಲಕೋಶಗಳು ನಡೆದುಬಂದ ಹಾದಿ

ಕನ್ನಡ ಪುಸ್ತಕಗಳ ಗಣಕೀಕರಣದ ಮೊದಲ ಬೃಹತ್ ಪ್ರಯತ್ನ 2000ದ ದಶಕದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದ ಈ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಶೀರ್ಷಿಕೆ ಮತ್ತು ಲೇಖಕರ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಒಂದೇ ನಿಯಮವಿಲ್ಲದೆ ದಾಖಲಿಸಿದ್ದರಿಂದ ಇದ್ದ ಪುಸ್ತಕವೂ ಇಲ್ಲದಂತಾಯಿತು. ಮೂಲ ತಾಣವು ಸ್ಥಗಿತಗೊಂಡ ಬಳಿಕ ಆ ಪ್ರತಿಗಳು ‘ಇಂಟರ್ನೆಟ್ ಆರ್ಕೈವ್’ನಲ್ಲಿ ಉಳಿದುಕೊಂಡವು. ‘ಸಂಚಯ’ ಬಳಗದವರು ಆ ರೋಮನ್ ಶೀರ್ಷಿಕೆಗಳನ್ನು ಸಾರ್ವಜನಿಕರ ನೆರವಿನಿಂದ ಕನ್ನಡಕ್ಕೆ ತಿರುಗಿಸಿದ ಮೇಲೆ ಹುಡುಕಾಟ ಸುಲಭವಾಯಿತು. ಈ ಇತಿಹಾಸದಲ್ಲಿ ಎರಡು ಪಾಠಗಳಿವೆ. ಸೂಚಿ ಕೆಟ್ಟರೆ ಭಂಡಾರವು ಮುಚ್ಚಿದ ಬಾಗಿಲಿಗೆ ಸಮಾನ. ಒಂದೇ ತಾಣವನ್ನು ನಂಬಿದರೆ ಒಂದು ದಿನ ಎಲ್ಲವೂ ಇಲ್ಲವಾಗಬಹುದು.

ಅದೇ ಬಳಗದ ‘ವಚನ ಸಂಚಯ’ವು 2010ರ ದಶಕದಲ್ಲಿ ರೂಪುಗೊಂಡಿತು. ಸಮಗ್ರ ವಚನ ಸಂಪುಟಗಳ ಪಠ್ಯವನ್ನು ಯುನಿಕೋಡ್‌ಗೆ ತಂದು, ಒಂದು ಪದ ಯಾವ ಯಾವ ವಚನಕಾರರಲ್ಲಿ ಎಷ್ಟು ಬಾರಿ ಬಂದಿದೆ ಎಂಬುದನ್ನು ಕ್ಷಣಮಾತ್ರದಲ್ಲಿ ತೋರಿಸುವ ವ್ಯವಸ್ಥೆ ಅಲ್ಲಿದೆ. ಹಿಂದೆ ಒಬ್ಬ ವಿದ್ವಾಂಸನ ವರ್ಷಗಳನ್ನು ಬೇಡುತ್ತಿದ್ದ ಪದಸೂಚಿಯ ಕೆಲಸವನ್ನು ಅದು ವಿದ್ಯಾರ್ಥಿಯ ಕೈಗೆ ಕೊಟ್ಟಿತು. ಕರ್ನಾಟಕ ಜ್ಞಾನ ಆಯೋಗದ ಆಶಯದಿಂದ ಹುಟ್ಟಿದ ‘ಕಣಜ’, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಆರಂಭಿಸಿದ ‘ಭಾರತವಾಣಿ’ ಇವುಗಳೂ ಈ ಹಾದಿಯ ಮುಖ್ಯ ಮೈಲಿಗಲ್ಲುಗಳು.

ತುಳುವಿನ ಮಟ್ಟಿಗೆ, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ‘ತುಳು ನಿಘಂಟು’ ಎಲ್ಲ ಕೋಶಕಾರ್ಯಗಳಿಗೂ ಅಡಿಪಾಯ. ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಸ್ವತಂತ್ರ ಆವೃತ್ತಿಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಯುನಿಕೋಡ್ 16ನೆಯ ಆವೃತ್ತಿಯಲ್ಲಿ ‘ತುಳು–ತಿಗಳಾರಿ’ ಲಿಪಿಗೆ ಪ್ರತ್ಯೇಕ ಸ್ಥಾನ ದೊರೆಯಿತು. ವೆಂಕಟರಾಜ ಪುಣಿಂಚತ್ತಾಯರು ಶೋಧಿಸಿ ಸಂಪಾದಿಸಿದ ‘ಶ್ರೀ ಭಾಗವತೊ’, ‘ಕಾವೇರಿ’ಯಂಥ ಹಳೆಯ ತುಳು ಕಾವ್ಯಗಳ ಓಲೆಗರಿಗಳ ಲಿಪಿ ಇದೇ ಪರಂಪರೆಯದು. ಆ ಗರಿಗಳ ಪಠ್ಯವನ್ನು ಅದರದೇ ಲಿಪಿಯಲ್ಲಿ ಅಕ್ಷರಶಃ ಗಣಕಕ್ಕೆ ಊಡಿಸುವುದು ಈಗ ತಾತ್ವಿಕವಾಗಿ ಸಾಧ್ಯ. ಅಕ್ಷರಗಳ ಹಲವು ರೂಪಭೇದಗಳನ್ನು ತೋರಿಸುವ ಫಾಂಟುಗಳು, ಲಿಪಿ ಬಲ್ಲ ಕೈಗಳು ಇನ್ನು ಮೇಲೆ ಸಿದ್ಧವಾಗಬೇಕು.

4. ಮೂಡುಬಿದಿರೆ: ಪ್ರತಿ ಮತ್ತು ಮೂಲ

ಬಿದಿರೆ, ವೇಣುಪುರ, ವಂಶಪುರ ಎಂಬ ಹೆಸರುಗಳಿಂದಲೂ ಪ್ರಸಿದ್ಧವಾದ ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಲ್ಪಟ್ಟ ಸಾವಿರ ಕಂಬದ ಬಸದಿಯಿದೆ, ರತ್ನಾಕರವರ್ಣಿಯ ನೆನಪಿದೆ. ಆದರೆ ಪಠ್ಯಗಳ ಚರಿತ್ರೆಯಲ್ಲಿ ಈ ಊರಿಗೆ ವಿಶೇಷ ಸ್ಥಾನ ಬಂದಿರುವುದು ಸಿದ್ಧಾಂತ ಬಸದಿಯ ತಾಳೆಗರಿಗಳಿಂದ. ದಿಗಂಬರ ಜೈನರ ಅತಿ ಪ್ರಾಚೀನ ಆಗಮಕೃತಿಯಾದ ‘ಷಟ್ಖಂಡಾಗಮ’ದ ಮೇಲೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ‘ಧವಲಾ’ ಟೀಕೆ, ಅದರ ಜೊತೆಗೆ ‘ಜಯಧವಲಾ’ ಮತ್ತು ‘ಮಹಾಧವಲಾ’ ಎಂದು ಹೆಸರಾದ ಗ್ರಂಥಗಳು ಹಳಗನ್ನಡ ಲಿಪಿಯಲ್ಲಿ ಇಲ್ಲಿ ಮಾತ್ರ ಉಳಿದುಬಂದವು. ಶತಮಾನಗಳ ಕಾಲ ಅವು ದರ್ಶನಕ್ಕೆ ಇದ್ದವು, ಓದಿಗೆ ಇರಲಿಲ್ಲ. ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು.

1896ರಲ್ಲಿ ಇವುಗಳ ಪ್ರತಿ ಮಾಡುವ ಕೆಲಸ ಆರಂಭವಾಗಿ 1922ರ ವೇಳೆಗೆ ಮುಗಿಯಿತು. ಇಪ್ಪತ್ತಾರು ವರ್ಷಗಳ ಈ ಶ್ರಮದ ನಡುವೆ ಪ್ರತಿಕಾರರೊಬ್ಬರು ಗುಟ್ಟಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರ ಭಾರತದ ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ಲಿಪ್ಯಂತರಗೊಂಡು, ಪ್ರತಿಯಿಂದ ಪ್ರತಿಯಾಗಿ ಹಬ್ಬಿತು. ಆ ಪ್ರತಿಗಳನ್ನು ಆಧರಿಸಿ ಹೀರಾಲಾಲ್ ಜೈನ್ ಅವರು 1939ರಿಂದ ಆರಂಭಿಸಿ ಸುಮಾರು ಎರಡು ದಶಕಗಳಲ್ಲಿ ಧವಲಾ ಸಹಿತ ಷಟ್ಖಂಡಾಗಮವನ್ನು ಹದಿನಾರು ಸಂಪುಟಗಳಲ್ಲಿ ಪ್ರಕಟಿಸಿದರು.

ಈ ಚರಿತ್ರೆಯ ಒಂದು ಸಣ್ಣ ವಿವರ ನಮ್ಮ ಚರ್ಚೆಗೆ ತೀರ ಮುಖ್ಯವಾದುದು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ, ಎಂದರೆ ಸಂಯತ ಎಂಬರ್ಥದ ಪ್ರಾಕೃತ ಶಬ್ದ, ಸಂಪಾದಕರ ಕೈಯಲ್ಲಿದ್ದ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಅರ್ಥವನ್ನು ನೋಡಿ ಅಲ್ಲಿ ಆ ಪದ ಇರಬೇಕೆಂದು ಅವರು ಸೂಚಿಸಿದರು. ಮನುಷ್ಯಸ್ತ್ರೀಯ ವಿಷಯದಲ್ಲಿ ಬರುವ ಸೂತ್ರವಾದ್ದರಿಂದ ಸ್ತ್ರೀಗೆ ಮೋಕ್ಷವುಂಟೇ ಎಂಬ ಹಳೆಯ ವಾದಕ್ಕೂ ಈ ಒಂದು ಪದಕ್ಕೂ ಸಂಬಂಧವಿತ್ತು. ದೀರ್ಘ ವಿವಾದ ನಡೆಯಿತು. ಮೂಡುಬಿದಿರೆಯ ಮೂಲ ಗರಿಗಳನ್ನು ಪರಿಶೀಲಿಸಿದಾಗ ಪದ ಅಲ್ಲಿತ್ತು. ಪ್ರತಿಯ ಪ್ರತಿಯಲ್ಲಿ ಬಿಟ್ಟುಹೋದುದು ಮೂಲದಲ್ಲಿ ಉಳಿದಿತ್ತು.

ಇಂದು ಜಾಲದಲ್ಲಿ ದೊರೆಯುವ ಪಠ್ಯಗಳೂ ಪ್ರತಿಯ ಪ್ರತಿಗಳೇ. ಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ, ಅಚ್ಚಿನಿಂದ ಬೆರಳಚ್ಚಿಗೆ ಅಥವಾ ಯಂತ್ರದ ಅಕ್ಷರಜಾಣಿಕೆಗೆ ಬರುವಾಗ ಪ್ರತಿ ಹಂತದಲ್ಲೂ ಒಂದು ‘ಸಂಜದ’ ಜಾರಿಹೋಗಬಹುದು. ಯಂತ್ರದ ತಪ್ಪಿಗೂ ಲಿಪಿಕಾರನ ತಪ್ಪಿಗೂ ಒಂದು ವ್ಯತ್ಯಾಸವಿದೆ. ಲಿಪಿಕಾರನ ತಪ್ಪು ಒಂದು ಕಟ್ಟಿನಲ್ಲಿ ನಿಲ್ಲುತ್ತದೆ. ಜಾಲದ ತಪ್ಪು ನೂರು ಪ್ರಬಂಧಗಳಿಗೆ ಒಂದೇ ದಿನ ಹರಡುತ್ತದೆ. ಆದ್ದರಿಂದ ಪಠ್ಯದ ಪಕ್ಕದಲ್ಲಿ ಗರಿಯ ಛಾಯಾಚಿತ್ರ ಇರಲೇಬೇಕು. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯು ಮೂಡುಬಿದಿರೆ, ಕಾರ್ಕಳ, ಅಳಿಯೂರು ಮೊದಲಾದೆಡೆಯ ಓಲೆಕಟ್ಟುಗಳ ವಿವರಗಳನ್ನು ನಾಗರಿ ಲಿಪಿಯಲ್ಲಿ ಕೊಡುತ್ತದೆ. ಅದನ್ನು ಕನ್ನಡ ಲಿಪಿಗೆ ತಂದು, ಪ್ರತಿ ಕಟ್ಟು ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಸೇರಿಸಿದರೆ ಮೂಡುಬಿದಿರೆಯ ಜಾಲಕೋಶಕ್ಕೆ ಗಟ್ಟಿಯಾದ ಮೊದಲ ಸೂಚಿ ದೊರೆಯುತ್ತದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಹಳಗನ್ನಡದ ೞ ಮತ್ತು ಱ ಅಕ್ಷರಗಳನ್ನು ಗುರುತಿಸಬಲ್ಲ ತಾಳ್ಮೆಯ ಓದುಗರು ಬೇಕು.

5. ಬೆಳ್ತಂಗಡಿ: ಕಂಠ ಮತ್ತು ಪಠ್ಯ

ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ ಮತ್ತು ಅನ್ನೆಲಿ ಹಾಂಕೊ, ನಮ್ಮವರಾದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ತಂಡವು 1990ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಿಸಿತು. 15,683 ಸಾಲುಗಳ ಈ ಕಾವ್ಯ ಗಾತ್ರದಲ್ಲಿ ಗ್ರೀಕರ ‘ಇಲಿಯಡ್’ಗೆ ಹೆಚ್ಚುಕಡಿಮೆ ಸಮಾನ. 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಕಾವ್ಯವೂ, ಅದನ್ನು ಪಠ್ಯವಾಗಿಸಿದ ಕ್ರಮವನ್ನು ವಿವರಿಸುವ ಪ್ರತ್ಯೇಕ ಗ್ರಂಥವೂ ಪ್ರಕಟವಾದವು. ಜಗತ್ತಿನ ಮಹಾಕಾವ್ಯ ಅಧ್ಯಯನದ ಭೂಪಟದಲ್ಲಿ ಮಾಚಾರಿಗೆ ಸ್ಥಾನ ಸಿಕ್ಕಿದ್ದು ಹೀಗೆ.

ಗೋಪಾಲ ನಾಯ್ಕರು ಹಿಂದೆ ಹೇಳಿ ಬರೆಸಿದ ಪಾಠವು ಹಾಡಿದ ಪಾಠಕ್ಕಿಂತ ಬಹಳ ಚಿಕ್ಕದಾಗಿತ್ತು. ಹಾಡುಗಾರನ ಮನಸ್ಸಿನಲ್ಲಿರುವ ಕಾವ್ಯವು ಸಂದರ್ಭಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ ಎಂಬ ಹಾಂಕೊ ಅವರ ‘ಮಾನಸಿಕ ಪಠ್ಯ’ದ ಕಲ್ಪನೆ ಇಂಥ ಅನುಭವಗಳಿಂದಲೇ ಬಲಗೊಂಡಿತು. ಇದರಿಂದ ಜಾಲಕೋಶಕ್ಕೆ ಬರುವ ಪಾಠ ಸ್ಪಷ್ಟವಾಗಿದೆ. ಮೌಖಿಕ ಕಾವ್ಯಕ್ಕೆ ‘ಶುದ್ಧಪಾಠ’ ಎಂಬುದಿಲ್ಲ. ಎಂದು, ಎಲ್ಲಿ, ಯಾರ ಮುಂದೆ, ಗದ್ದೆಯಲ್ಲೋ ಆಲಡೆಯಲ್ಲೋ ಧ್ವನಿಮುದ್ರಣ ಯಂತ್ರದ ಮುಂದೆಯೋ ಹಾಡಿದ್ದು ಎಂಬುದೇ ಪಾಠದ ಗುರುತು. ಒಂದೇ ಪಾಡ್ದನದ ಐದು ಪಾಠಗಳಿದ್ದರೆ ಐದಕ್ಕೂ ಪ್ರತ್ಯೇಕ ನಮೂದು ಬೇಕು. ಅವುಗಳನ್ನು ಬೆರೆಸಿ ಒಂದು ಮಾಡುವುದು ಜಾನಪದದಲ್ಲಿ ಅಪಚಾರ.

1998ರ ಆವೃತ್ತಿಯು ತುಳು ಪಠ್ಯವನ್ನು ರೋಮನ್ ಲಿಪಿಯಲ್ಲಿಯೂ ಅನುವಾದವನ್ನು ಇಂಗ್ಲಿಷಿನಲ್ಲಿಯೂ ಕೊಡುತ್ತದೆ. ವಿದ್ವತ್ತಿನ ದೃಷ್ಟಿಯಿಂದ ಇದು ಸಕಾರಣ, ಏಕೆಂದರೆ ಕನ್ನಡ ಲಿಪಿಯು ತುಳುವಿನ ಎಲ್ಲ ಸ್ವರಗಳನ್ನೂ ಹಿಡಿದುಕೊಡುವುದಿಲ್ಲ. ‘ನಾನು ಹೋಗುತ್ತೇನೆ’ ಎಂಬುದಕ್ಕೂ ‘ಅವನು ಹೋಗುತ್ತಾನೆ’ ಎಂಬುದಕ್ಕೂ ಕನ್ನಡ ಲಿಪಿಯಲ್ಲಿ ‘ಪೋಪೆ’ ಎಂದೇ ಬರೆಯುತ್ತೇವೆ. ಕೊನೆಯ ಎಕಾರವನ್ನು ಬಾಯಿ ತೆರೆದು ಹೇಳಿದರೆ ಒಂದು ಅರ್ಥ, ಮುಚ್ಚಿ ಹೇಳಿದರೆ ಇನ್ನೊಂದು. ನಿಘಂಟುಕಾರರು ಇದಕ್ಕೆ ವಿಶೇಷ ಚಿಹ್ನೆಗಳನ್ನು ಬಳಸಿದ್ದಾರೆ. ಸಾಮಾನ್ಯ ಬರಹದಲ್ಲಿ ಅವು ಬಳಕೆಗೆ ಬಂದಿಲ್ಲ. ಆದರೆ ಸಾಲಿನ ಪಕ್ಕದಲ್ಲಿ ಧ್ವನಿ ಇದ್ದರೆ ಈ ಸಂಶಯಕ್ಕೆ ಎಡೆಯಿಲ್ಲ. ಪುಸ್ತಕವು ಕೊಡಲಾಗದ, ಜಾಲಕೋಶವು ಕೊಡಬಲ್ಲ ಮುಖ್ಯ ಸೌಲಭ್ಯ ಇದೇ: ಸಾಲಿಗೆ ಸಾಲು ಹೊಂದಿಸಿದ ಧ್ವನಿ, ಕನ್ನಡ ಲಿಪಿಯ ಪಠ್ಯ, ಧ್ವನಿಲಿಪಿಯ ಪಠ್ಯ ಮತ್ತು ಕನ್ನಡ ಅನುವಾದ ಒಂದೇ ಪುಟದಲ್ಲಿ. ಆಗ ಹೆಲ್ಸಿಂಕಿಯ ವಿದ್ವಾಂಸನೂ ಮಾಚಾರಿನ ಶಾಲೆಯ ಹುಡುಗಿಯೂ ಒಂದೇ ಆಕರವನ್ನು ತಮ್ಮ ತಮ್ಮ ಬಾಗಿಲಿನಿಂದ ಪ್ರವೇಶಿಸಬಹುದು.

6. ಬಂಟ್ವಾಳ: ವಸ್ತು, ಕಡತ ಮತ್ತು ಹೆಸರು

ಬಂಟ್ವಾಳದ ಬಿ. ಸಿ. ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವು ತುಳುವರ ಬದುಕಿನ ವಸ್ತುಗಳನ್ನು ಸಂಗ್ರಹಿಸಿ ಪ್ರದರ್ಶಿಸುವ ಅಪೂರ್ವ ತಾಣ. ಚರಿತ್ರೆಯ ಅಧ್ಯಾಪಕರೊಬ್ಬರು ಅರಮನೆಯ ಆಯುಧಗಳ ಜೊತೆಗೆ ಒಕ್ಕಲುಮನೆಯ ಕಳಸೆ, ಮುಡಿ, ಕೊರಂಬುಗಳಿಗೂ ಚರಿತ್ರೆಯಿದೆ ಎಂದು ತಿಳಿದುದರ ಫಲ ಇದು. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದ ‘ಮಂಜೂಷಾ’ ಸಂಗ್ರಹಾಲಯವೂ ಇದೇ ಪರಿಸರದ ಇನ್ನೊಂದು ದೊಡ್ಡ ಭಂಡಾರ.

ವಸ್ತುವನ್ನು ಜಾಲಕ್ಕೆ ತರುವಾಗ ಮೊದಲು ಎದುರಾಗುವುದು ಹೆಸರಿನ ಪ್ರಶ್ನೆ. ಅಡಿಕೆ ಹಾಳೆಯಿಂದ ಮಾಡಿದ ಟೊಪ್ಪಿಗೆ ತುಳುವಿನಲ್ಲಿ ‘ಮುಟ್ಟಾಳೆ’. ಕನ್ನಡದ ಓದುಗರಿಗೆ ಅದು ‘ಹಾಳೆಟೊಪ್ಪಿ’. ಇದೇ ಪರಿಸರದ ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ ಮಾತನಾಡುವ ಮನೆಗಳಲ್ಲಿಯೂ ಅದನ್ನು ಅವರವರ ಮಾತಿನಲ್ಲಿ ಕರೆಯುತ್ತಾರೆ. ಸೂಚಿಯಲ್ಲಿ ಒಂದೇ ಹೆಸರನ್ನು ಕೊಟ್ಟರೆ ಉಳಿದ ಮನೆಗಳವರಿಗೆ ಆ ವಸ್ತು ಸಿಗುವುದಿಲ್ಲ. ವ್ಯಕ್ತಿಗಳ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. 1623ರಲ್ಲಿ ಈ ಕರಾವಳಿಗೆ ಬಂದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಲ್ಲೆಯು ‘ಒಲಾಲ’ದ ರಾಣಿ ‘ಅಬಗ್‌ದೇವಿ ಚೌತ್ರು’ವನ್ನು ಕಂಡ ವಿವರವನ್ನು ಬರೆದಿದ್ದಾನೆ. ಉಳ್ಳಾಲದ ಅಬ್ಬಕ್ಕದೇವಿ ಚೌಟ ಎಂದು ಹುಡುಕುವ ವಿದ್ಯಾರ್ಥಿಗೆ ಆ ಪುಟ ದೊರೆಯಬೇಕಾದರೆ, ಉಳ್ಳಾಲ ಮತ್ತು ಮೂಡುಬಿದಿರೆಗಳೆರಡರಲ್ಲೂ ಆಳಿದ ಚೌಟ ಮನೆತನದ ಎಲ್ಲ ಹೆಸರುಗಳನ್ನೂ ಅವುಗಳ ಎಲ್ಲ ಕಾಗುಣಿತಗಳೊಂದಿಗೆ ಹೆಣೆದ ಒಂದು ನಾಮಕೋಶ ಬೇಕು. ಜೊತೆಗೆ ‘ಅಬ್ಬಕ್ಕನ’, ‘ಅಬ್ಬಕ್ಕನಿಗೆ’, ‘ಅಬ್ಬಕ್ಕನಿಂದ’ ಎಂಬ ವಿಭಕ್ತಿರೂಪಗಳೆಲ್ಲ ಒಂದೇ ಹೆಸರಿನವು ಎಂಬ ತಿಳಿವಳಿಕೆಯನ್ನು ಹುಡುಕುಯಂತ್ರಕ್ಕೆ ಕೊಡಬೇಕು. ಈ ಕೆಲಸವನ್ನು ತಂತ್ರಜ್ಞರೊಬ್ಬರೇ ಮಾಡಲಾರರು. ಚರಿತ್ರಕಾರ ಮತ್ತು ಭಾಷಾವಿಜ್ಞಾನಿ ಪಕ್ಕದಲ್ಲಿ ಕುಳಿತಿರಬೇಕು.

ಮನೆಗಳ ಮರದ ಪೆಟ್ಟಿಗೆಗಳಲ್ಲಿ ಉಳಿದಿರುವ ಮೂಲಗೇಣಿ, ಚಾಲಗೇಣಿ ಚೀಟಿಗಳು, ಪಾಲುಪಟ್ಟಿಗಳು ಕೃಷಿಚರಿತ್ರೆಯ ಅಮೂಲ್ಯ ಆಕರಗಳು. 1974ರ ಭೂಸುಧಾರಣೆಯ ಮೊದಲು ಗೇಣಿ ಎಷ್ಟು ಮುಡಿ, ಹಬ್ಬಕ್ಕೆ ಕೊಡಬೇಕಾದ ಕಾಣಿಕೆ ಏನು ಎಂಬ ವಿವರಗಳು ಅಲ್ಲಿ ಸಿಗುತ್ತವೆ. ಆದರೆ ಇವನ್ನು ತೋರಿಸಲು ಮನೆಯವರು ಹಿಂಜರಿಯುತ್ತಾರೆ. ಕಾಗದ ಹೊರಗೆ ಹೋದರೆ ಮುಗಿದುಹೋದ ತಕರಾರು ಮತ್ತೆ ಏಳಬಹುದೆಂಬ ಭಯ ಅವರದು. ಈ ಭಯವನ್ನು ಅಜ್ಞಾನವೆಂದು ತಳ್ಳಿಹಾಕಬಾರದು. ಚಿತ್ರವನ್ನು ಸಾರ್ವಜನಿಕಗೊಳಿಸದೆ, ಸರ್ವೆ ನಂಬರು ಮತ್ತು ವ್ಯಕ್ತಿಗಳ ಹೆಸರುಗಳನ್ನು ಮರೆಮಾಡಿ, ಗೇಣಿಯ ಪ್ರಮಾಣ ಮತ್ತು ಕಾಲವನ್ನಷ್ಟೇ ನಮೂದಿಸುವ ಮಧ್ಯಮಮಾರ್ಗವಿದೆ.

7. ಒಂದು ನಮೂದಿನ ರಚನೆ

ಮೇಲಿನ ಮೂರು ನಿದರ್ಶನಗಳಿಂದ ಜಾಲಕೋಶದ ಪ್ರತಿ ನಮೂದಿನಲ್ಲಿ ಇರಬೇಕಾದ ಅಂಶಗಳನ್ನು ಹೀಗೆ ಗುರುತಿಸಬಹುದು.

ಒಂದು, ಎಂದಿಗೂ ಬದಲಾಗದ ಕ್ರಮಸಂಖ್ಯೆ. ತಾಣದ ವಿಳಾಸ ಬದಲಾದರೂ ಪ್ರಬಂಧದಲ್ಲಿ ಕೊಟ್ಟ ಸಂಖ್ಯೆಯಿಂದ ನಮೂದು ದೊರೆಯಬೇಕು.

ಎರಡು, ಮೂಲದ ಚಿತ್ರ ಅಥವಾ ಧ್ವನಿ. ಇದನ್ನು ತಿದ್ದುವಂತಿಲ್ಲ, ಸ್ವಚ್ಛಗೊಳಿಸಿದ ಪ್ರತಿಯನ್ನು ಬೇರೆಯಾಗಿ ಇಡಬಹುದು.

ಮೂರು, ಮೂಲದಲ್ಲಿ ಇದ್ದಂತೆಯೇ ಬರೆದ ಅಕ್ಷರಶಃ ಪಠ್ಯ. ಸಂಪಾದಕರು ತಿದ್ದಿದ ಪಠ್ಯ ಅದರ ಪಕ್ಕದಲ್ಲಿ ಪ್ರತ್ಯೇಕವಾಗಿರಬೇಕು. ‘ಸಂಜದ’ದಂಥ ಊಹೆಗಳಿಗೆ ಅಲ್ಲಿ ಸ್ಥಳವಿದೆ.

ನಾಲ್ಕು, ಹಾಡಿದವರು, ಬರೆದವರು, ಕಾಯ್ದವರು, ಸಂಗ್ರಹಿಸಿದವರು ಇವರೆಲ್ಲರ ವಿವರ. ನಮ್ಮ ಹಳೆಯ ಸಂಗ್ರಹಗಳಲ್ಲಿ ಸಂಗ್ರಾಹಕರ ಹೆಸರು ಮುಖಪುಟದಲ್ಲಿಯೂ ವಕ್ತೃವಿನ ಹೆಸರು, ಇದ್ದರೆ, ಅನುಬಂಧದಲ್ಲಿಯೂ ಇರುತ್ತಿತ್ತು. ಈ ಕ್ರಮ ತಿರುಗಬೇಕು.

ಐದು, ಕಾಲ, ಸ್ಥಳ, ಸಂದರ್ಭ ಮತ್ತು ಹೆಸರುಗಳ ಎಲ್ಲ ಪರ್ಯಾಯಗಳು.

ಆರು, ಅನುಮತಿಯ ಸ್ವರೂಪ. ಯಾರು ನೋಡಬಹುದು, ಯಾರು ಕೇಳಬಹುದು, ಯಾವುದು ಮುಚ್ಚಿರಬೇಕು ಎಂಬುದನ್ನು ಆಕರದ ಒಡೆಯರು ನಿರ್ಧರಿಸಬೇಕು. ಆ ನಿರ್ಧಾರವನ್ನು ಮುಂದೆ ಬದಲಿಸುವ ಹಕ್ಕೂ ಅವರಿಗಿರಬೇಕು.

ಏಳು, ತಿದ್ದುಪಡಿಗಳ ಚರಿತ್ರೆ. ಯಾರು ಯಾವಾಗ ಏನನ್ನು ತಿದ್ದಿದರು ಎಂಬುದು ಅಳಿಯಬಾರದು.

ಇವುಗಳ ಜೊತೆಗೆ ಇಡೀ ಕೋಶದ ಪ್ರತಿಗಳು ಕನಿಷ್ಠ ಮೂರು ಬೇರೆ ಬೇರೆ ಕಡೆಗಳಲ್ಲಿ ಇರಬೇಕು. ಒಂದು ಪ್ರತಿ ಊರಿನಲ್ಲಿಯೇ ಇರಬೇಕು. ಮೂಡುಬಿದಿರೆ, ಉಜಿರೆ, ಬಂಟ್ವಾಳಗಳ ಕಾಲೇಜುಗಳಲ್ಲಿ ಕನ್ನಡ ಮತ್ತು ಚರಿತ್ರೆಯ ವಿದ್ಯಾರ್ಥಿಗಳು ವರ್ಷಕ್ಕೆ ತಲಾ ಹತ್ತು ನಮೂದುಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸಿದ್ಧಪಡಿಸಿ, ಅದಕ್ಕೆ ಅಂಕವೂ ಹೆಸರೂ ದೊರೆಯುವಂತಾದರೆ ಕೆಲಸವು ಅನುದಾನವನ್ನು ಕಾಯದೆ ಮುಂದುವರಿಯಬಲ್ಲುದು.

8. ಒಂದು ಕ್ಷೇತ್ರಾನುಭವ

ಈ ಲೇಖಕನ ಸಂಗ್ರಹದಲ್ಲಿ ಒಂದು ಕ್ಯಾಸೆಟ್ ಇದೆ. ‘ಕಬಿತ, ಬಂಟ್ವಾಳ ತಾಲ್ಲೂಕು, ಜುಲೈ 2004’ ಎಂದಷ್ಟೇ ಅದರ ಮೇಲೆ ಬರೆದಿದೆ. ಡಾಕ್ಟರೇಟ್ ಅಧ್ಯಯನದ ಕ್ಷೇತ್ರಕಾರ್ಯದ ಕಾಲದಲ್ಲಿ, ನೇಜಿ ನೆಡುವ ಗದ್ದೆಯ ಬದುವಿನಲ್ಲಿ ನಿಂತು ಧ್ವನಿಮುದ್ರಿಸಿದ್ದು. ಮಳೆ ಜೋರಾದ್ದರಿಂದ ಹೆಸರು, ವಿವರ ನಾಳೆ ಬರೆದುಕೊಂಡರಾಯಿತು ಎಂದು ಹೊರಟು ಬಂದದ್ದಾಯಿತು. ಆ ‘ನಾಳೆ’ ಬರಲಿಲ್ಲ. ಪ್ರಬಂಧದ ಅನುಬಂಧದಲ್ಲಿ ಹಾಡಿನ ಪಠ್ಯ ಅಚ್ಚಾಯಿತು. ವಕ್ತೃವಿನ ಜಾಗದಲ್ಲಿ ‘ಕೃಷಿಕಾರ್ಮಿಕ ಮಹಿಳೆಯರು’ ಎಂದು ಬಂತು. ಪರೀಕ್ಷಕರು ಯಾರೂ ಅದನ್ನು ಪ್ರಶ್ನಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ಹಳೆಯ ಧ್ವನಿಸುರುಳಿಗಳನ್ನು ಗಣಕಕ್ಕೆ ವರ್ಗಾಯಿಸುವಾಗ ಆ ಊರನ್ನು ಹುಡುಕಿಕೊಂಡು ಹೋಗಬೇಕಾಯಿತು. ಗದ್ದೆ ಅಡಿಕೆ ತೋಟವಾಗಿತ್ತು. ಎರಡು ಮೂರು ಮನೆ ತಿರುಗಿ, ಮೊಬೈಲಿನಲ್ಲಿ ಧ್ವನಿಯನ್ನು ಕೇಳಿಸಿದಾಗ ಒಂದು ಮನೆಯ ಯುವತಿ ಕೂಡಲೇ ಗುರುತಿಸಿದಳು. ಮುಂದಾಗಿ ಹಾಡುತ್ತಿದ್ದವರು ಅವಳ ಅಜ್ಜಿ. ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆ ಮನೆಯಲ್ಲಿ ಅಜ್ಜಿಯ ಒಂದು ಭಾವಚಿತ್ರವೂ ಇರಲಿಲ್ಲ. ಅವಳು ಹಾಡನ್ನು ಮೂರು ಸಲ ಕೇಳಿದಳು. ಬಳಿಕ “ಇಷ್ಟು ವರ್ಷ ಇದು ನಿಮ್ಮ ಹತ್ತಿರವೇ ಇತ್ತಾ ಸಾರ್?” ಎಂದಳು. ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆದರೆ ಉತ್ತರವೂ ಇರಲಿಲ್ಲ.

ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲಿನಲ್ಲಿ ಅದೇ ಅಜ್ಜಿ ಹೇಳಿದ, ಅವರ ಕುಟುಂಬದ ದೈವದ ಪಾಡ್ದನವಿದೆ. ನೇಜಿಯ ಹಾಡನ್ನು ಅಜ್ಜಿಯ ಹೆಸರಿನೊಂದಿಗೆ ಎಲ್ಲರೂ ಕೇಳುವಂತೆ ಇಡಬಹುದು ಎಂದು ಮನೆಯವರು ಸಂತೋಷದಿಂದ ಒಪ್ಪಿದರು. ಪಾಡ್ದನದ ವಿಷಯ ಬಂದಾಗ ಹಿರಿಯರು, ದೈವದ ಮುಂದೆ ಅರಿಕೆ ಮಾಡದೆ ತಾವು ಹೇಳುವಂತಿಲ್ಲ ಎಂದರು. ಆ ಅರಿಕೆ ಇನ್ನೂ ನಡೆದಿಲ್ಲ. ಆದ್ದರಿಂದ ಆ ಮಗ್ಗುಲು ಪೆಟ್ಟಿಗೆಯಲ್ಲಿಯೇ ಇದೆ. ಧ್ವನಿಪಟ್ಟಿಗೆ ವಯಸ್ಸಾಗುತ್ತಿದೆ ಎಂಬ ಕಾರಣಕ್ಕೆ ಗಣಕಕ್ಕೆ ಒಂದು ಪ್ರತಿಯನ್ನು ಮಾಡಿಕೊಂಡು, ಅದರ ಇನ್ನೊಂದು ಪ್ರತಿಯನ್ನು ಆ ಮನೆಗೆ ಕೊಡಲಾಗಿದೆ. ಜಾಲಕೋಶದಲ್ಲಿ ಅದಕ್ಕೆ ಒಂದು ಸಂಖ್ಯೆ ಮಾತ್ರ ಇರಬಲ್ಲುದು, ಧ್ವನಿ ಇರಲಾರದು. ಅಧ್ಯಯನಕಾರನಿಗೆ ಇದು ನಷ್ಟವೇ ಹೌದು. ಆದರೆ ಗುಟ್ಟಾಗಿ ಮಾಡಿದ ಪ್ರತಿಯಿಂದ ಜಗತ್ತಿಗೆ ಬಂದ ಧವಲಾ ಗ್ರಂಥವನ್ನು ಓದುವಾಗ ಉಂಟಾಗುವ ಕೃತಜ್ಞತೆಯೂ, ಈ ಪಾಡ್ದನವನ್ನು ಮುಚ್ಚಿಟ್ಟುಕೊಳ್ಳಬೇಕಾದ ಹೊಣೆಯೂ ಒಂದೇ ವೃತ್ತಿಯ ಎರಡು ಭಾಗಗಳು. ಎರಡರ ನಡುವಣ ಗೆರೆಯನ್ನು ಸಂಶೋಧಕನೊಬ್ಬನೇ ಎಳೆಯಲಾಗದು.

9. ಸಮಾರೋಪ

ಮೂಡುಬಿದಿರೆಯ ಗರಿ, ಮಾಚಾರಿನ ಕಂಠ, ಬಂಟ್ವಾಳದ ಮನೆವಸ್ತು ಇವು ಮೂರೂ ಬೇರೆ ಬೇರೆ ಶಿಸ್ತುಗಳ ಆಕರಗಳೆಂದು ನಾವು ಹಂಚಿಕೊಂಡಿದ್ದೇವೆ. ಆ ಪರಿಸರದಲ್ಲಿ ಬದುಕುವವರಿಗೆ ಈ ಹಂಚಿಕೆಯಿಲ್ಲ. ಬಸದಿಯ ಜಾತ್ರೆಗೆ ಹೋದವರೇ ಆಲಡೆಗೂ ಹೋಗುತ್ತಾರೆ; ಪಾಡ್ದನ ಹೇಳಿದವರ ತಲೆಯ ಮೇಲೆಯೇ ಮುಟ್ಟಾಳೆ ಇರುತ್ತದೆ. ಜಾಲಕೋಶವು ಈ ಕೂಡುಬಾಳನ್ನು ಸೂಚಿಯ ಕೊಂಡಿಗಳ ಮೂಲಕ ತೋರಿಸಬಲ್ಲುದು. ಅದಕ್ಕೆ ಬೇಕಾದ ತಂತ್ರಜ್ಞಾನ ಇಂದು ಕೈಗೆಟುಕುವಂತಿದೆ, ಕನ್ನಡದಲ್ಲಿಯೇ ಮಾದರಿಗಳಿವೆ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಮತ್ತು ಮಠಮಂದಿರಗಳ ಸಂಶೋಧನ ಕೇಂದ್ರಗಳು ಮೊದಲು ಒಪ್ಪಬೇಕಾದುದು ಒಂದೇ ನಾಮಕೋಶ, ಒಂದೇ ನಮೂದಿನ ಕ್ರಮ ಮತ್ತು ಒಂದೇ ಅನುಮತಿಪತ್ರ. ಸಂಗ್ರಹಗಳು ಅವರವರ ಬಳಿಯೇ ಇರಲಿ, ಸೂಚಿ ಒಂದಾಗಲಿ.

ಉಳಿದದ್ದು ಕ್ಷೇತ್ರಕ್ಕೆ ಹೋಗುವ ಹೊಸ ಸಂಶೋಧಕರ ಕೈಯಲ್ಲಿದೆ. ಧ್ವನಿಮುದ್ರಣದ ಗುಂಡಿಯನ್ನು ಒತ್ತುವ ಮೊದಲು ಹಾಡುವವರ ಹೆಸರನ್ನು ಕೇಳಿ ಬರೆದುಕೊಳ್ಳಲಿ, ಅದನ್ನು ಅವರಿಗೇ ಓದಿ ಹೇಳಲಿ. ಮಳೆ ನಿಲ್ಲುವವರೆಗೆ ಕಾಯಬೇಕಾದರೂ ಸರಿ.